ಮೋಡದ ದಿವಸದ ಬಿಸಿನೀರು

ಬಿಸಲ ಇದ್ದಾಗ ನಮ್ಮನ್ನ ಯಾರೂ ನೆನಸೂದಿಲ್ಲ. ಈ ದಂಧೆಕ್ಕ ಹೊಸದಾಗಿ ಬರೂ ಹುಡುಗರಿಗೆ ನಾ ಮದಲ ಹೇಳೂ ಮಾತ ಇದು. ಬ್ಯಾಸಗಿಯೊಳಗ ಮಾಳಗಿ ಮ್ಯಾಲ ಸೋಲಾರ ಕುಂದ್ರಿಸಿ ಬಂದಿರ್ತೀರಿ, ನಳ ತಿರುವಿದ್ರ ಕೈ ಸುಡೂವಂಥಾ ನೀರ ಬರ್ತಾವು, ಮನಿಯವ್ರು ಚಹಾ ಕುಡಿಸಿ, ಬಾಗಲತನಕ ಬಂದು ಕಳಸ್ತಾರ. ಆಷಾಢ ಬಂದು ಮೋಡ ಕವೀತಂದ್ರ ಆತು. ಮುಂಜಾನೆದ್ದು ಕಣ್ಣ ತಿಕ್ಕೂದರಾಗ ಫೋನು. “ಬಸಣ್ಣಾರ, ನಿಮ್ಮ ಸೋಲಾರ ಸತ್ತೈತಿ ನೋಡ್ರಿ.” ಬಿಸಲ ಇದ್ದಾಗ ಅದು ಅವರ ಸೋಲಾರ. ಮೋಡ ಬಿದ್ದ ಕೂಡ್ಲೆ ನಮ್ಮ ಸೋಲಾರ.

ನಾ ರಬಕವಿಯಾಂವ. ಅಪ್ಪ ಮಗ್ಗ ನೇಯ್ತಿದ್ದ. ನನಗ ಕುಂತಲ್ಲೇ ಕುಂದ್ರೂ ಕೆಲಸ ಒಗ್ಗಲಿಲ್ಲ. ಜಮಖಂಡಿಯೊಳಗ ಒಬ್ಬ ಸಾವಕಾರ್ರ ಅಂಗಡಿಗೆ ಪೈಪಿನ ಕೆಲಸಕ್ಕ ಸೇರ್ಕೊಂಡೆ. ಅವರು ನೀರ ಕಾಯ್ಸೂ ಸೋಲಾರ ಮಾರಾಕ ಸುರು ಮಾಡಿದಾಗ ನಾನೂ ಅದರ ಬೆನ್ನ ಹತ್ತಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಕೂ ಕಡೆ ನಾ ಹತ್ತದ ಮಾಳಗಿ ಕಡಿಮಿ. ಮೊಳಕಾಲ ಇನ್ನ ಸಾಕಪ್ಪಾ ಅಂದ ಮ್ಯಾಲ ಕೆಲಸ ಬಿಟ್ಟೆ. ಈಗ ಕಟ್ಟಿ ಮ್ಯಾಲ ಕುಂತು ಮಂದಿ ಮಾಳಗಿ ನೋಡ್ತೇನಿ. ಯಾರರ ಸೋಲಾರ ಸೊಟ್ಟ ಕುಂದ್ರಿಸಿದ್ರ ನನಗ ಊಟ ಸೇರೂದಿಲ್ಲ. “ನಿಮಗ್ಯಾಕ ಊರ ಉಸಾಬರಿ?” ಅಂತಾಳ ನನ್ನ ಹೇಣ್ತಿ. ಆಕಿ ಹೇಳೂದೂ ಖರೆ.

ಸಾವಕಾರ್ರು ಮನಶಾ ಛಲೋ, ಬಾಯಿಗೆ ಮಾತ್ರ ಅಗಸಿ ಬಾಗಲ ಇರಲಿಲ್ಲ. ಬಂದ ಗಿರಾಕಿಗೆಲ್ಲ “ಮೋಡ ಇದ್ರೂ ನೀರ ಕಾಯ್ತಾವರಿ, ಕಣ್ಣ ಮುಚ್ಚಿ ತೊಗೊಂಡ ಹೋಗ್ರಿ” ಅಂತಿದ್ರು. ಬೈಸ್ಕೊಳ್ಳಾಕ ನಾ ಇದ್ನೆಲ್ಲ. ಒಂದಿನ ತಾಳಲಾರದ ಕೇಳಿದೆ, “ಹಂಗ್ಯಾಕ ಹೇಳ್ತೀರಿ ಸಾವಕಾರ್ರ?” ಅವರು ಎಲಿ ಅಡಕಿ ಬಾಯಾಗಿಟ್ಕೊಂಡು, “ನಾ ಸುಳ್ಳ ಏನ ಹೇಳೇನೋ ಬಸ್ಯಾ? ಕಾಯ್ತಾವ ಅಂದೆ. ಎಷ್ಟ ಕಾಯ್ತಾವ ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ” ಅಂದ್ರು. ಸಿಟ್ಟ ಬಂತು, ನಗಿನೂ ಬಂತು. ಆದ್ರ ಆ ಮಾತಿನಾಗ ಖರೆ ಇತ್ತು ಅನ್ನೂದು ನನಗ ತಿಳಿಯಾಕ ಭಾಳ ವರ್ಷ ಹಿಡೀತು.

ಮೋಡ ಇಲ್ಲದನ ನೀರ ಕಾಯಲಾರದ್ದೂ ಇರತೈತಿ, ಅದನ್ನೂ ಹೇಳಬೇಕು. ಹುನ್ನೂರಾಗ ಒಂದು ಮನಿ. ಖಡಕ್ ಬ್ಯಾಸಗಿ, ಕಾಗಿ ಸೈತ ಹೊರಗ ಬರಲಾರದಂಥಾ ಬಿಸಲು, ಅವರ ನಳದಾಗ ಮಾತ್ರ ತಣ್ಣೀರು. ಮದಲ ಸಲ ಹೋಗಿ ಪೈಪ ಬಿಚ್ಚಿ ನೋಡಿದೆ. ಎರಡನೇ ಸಲ ಟಾಕಿ ಬಿಚ್ಚಿದೆ. ಏನೂ ಸಿಗಲಿಲ್ಲ. ಎರಡೂ ಸಲ ಹೊತ್ತ ಇಳದ ಮ್ಯಾಲ ಹೋಗಿದ್ದೆ. ಮೂರನೇ ಸಲ ಹೇಳದ ಕೇಳದ ನಡಮಧ್ಯಾಹ್ನದಾಗ ಹೋಗಿ ಮಾಳಗಿ ಹತ್ತಿದ್ರ, ಸೋಲಾರದ ಗಾಜ ತುಂಬ ಬಿಳೇ ಸಂಡಿಗಿ. ಸಾಲಾಗಿ, ಅಂದಾ ಮಾಡಿ ಇಟ್ಟಾರ. ಒಂದ ಮೂಲ್ಯಾಗ ಮೆಣಸಿನಕಾಯಿ. ಮನಿ ಸೊಸಿಗೆ ಕೇಳಿದ್ರ, “ನೆಲದ ಮ್ಯಾಲ ಹಾಕಿದ್ರ ಧೂಳ ಬೀಳ್ತೈತ್ರಿ ಅಣ್ಣಾ. ಇದ ಸ್ವಚ್ಛ ಐತಿ, ಲಗೂನ ಒಣಗ್ತಾವು” ಅಂದ್ಳು. “ಯವ್ವಾ, ಬಿಸಲೆಲ್ಲಾ ಸಂಡಿಗೀನ ತಿಂದ್ರ ನೀರಿಗೇನ ಉಳೀತೈತಿ?” ಅಂದೆ. ಆಕಿ ನಾಲಿಗಿ ಕಚಗೊಂಡ್ಳು. ಬರೂಮುಂದ ಒಂದ ಚೀಲ ಸಂಡಿಗಿ ಕಟ್ಟಿಕೊಟ್ಳು. ಕರದು ತಿಂದ್ವಿ, ರುಚಿ ಆಗಿದ್ವು.

ಮುಧೋಳದಾಗ ಇನ್ನೊಂದ ಫಜೀತಿ. ನಮ್ಮ ಕಡೆ ಸೋಲಾರದ ಮಾರಿ ತೆಂಕಣಕ್ಕ ಇರಬೇಕು, ಅಂದ್ರನ ವರ್ಷಪೂರ್ತಿ ಬಿಸಲು ನೆಟ್ಟಗ ಬೀಳೂದು. ಅಲ್ಲಿ ಮನಿ ಯಜಮಾನ್ರು ಸುತಾರಾಂ ಒಪ್ಪಲಿಲ್ಲ. “ತೆಂಕಣ ಯಮನ ದಿಕ್ಕು. ಮನಿ ಮ್ಯಾಲಿನ ವಸ್ತು ಆ ಕಡೆ ಮಾರಿ ಮಾಡಿ ಇಟ್ರ ಹೆಂಗರಿ?” ಅಂದ್ರು. ನಾ ಶಾಸ್ತ್ರ ಓದಿದಾಂವಲ್ಲ, ಏನ ಹೇಳಲಿ? ಅವರ ಅವ್ವ, ಹಲ್ಲ ಇಲ್ಲದ ಮುದುಕಿ, ಪಡಸಾಲ್ಯಾಗ ಮಲಗಿದ್ದಾಕಿ ಅಲ್ಲಿಂದನ ಕೂಗಿದ್ಳು, “ಹಂಗ ಇಡಲಿ ಬಿಡೋ. ಯಮಾ ಬಂದ್ರ ಗಾಜಿನ ಝಳ ಮದಲ ಅವನ ಕಣ್ಣಿಗೇ ಬಡೀತೈತಿ.” ಕೆಲಸ ಆತು. ಮುಂದ ಆ ಮುದುಕಿ ಭಾಳ ವರ್ಷ ಇದ್ಳು, ನಾ ಹೋದಾಗೊಮ್ಮೆ “ಯಮಾ ಇನ್ನೂ ಬಂದಿಲ್ಲೋ ಬಸಪ್ಪ” ಅಂತ ನಗತಿದ್ಳು.

ಮದಲ ಬರ್ತಿದ್ದು ಚಪ್ಪಟಿ ಪೆಟಗಿ. ತಾಮ್ರದ ಹಾಳಿ, ಅದರ ಮ್ಯಾಲ ಗಾಜು. ಬಿಸಲಿಗೆ ಗಟ್ಟಿ, ಮೋಡಕ್ಕ ಸೋಲ್ತಿತ್ತು. ಯಾಕಂದ್ರ ಮೋಡಿದ್ದಾಗ ಬೆಳಕ ಬಂದ್ರೂ ಕಾಯ್ದ ಕಾವು ಗಾಳಿಗೆ ಹಾರಿ ಹೋಗ್ತಿತ್ತು. ಆಮ್ಯಾಲ ಗಾಜಿನ ಟ್ಯೂಬ ಬಂದ್ವು. ಒಂದರೊಳಗ ಒಂದು ಗಾಜು, ನಡುವ ಗಾಳಿ ತಗದಿರ್ತಾರ, ಚಹಾದ ಥರ್ಮಾಸ್ ಇರತೈತೆಲ್ಲ ಹಂಗ. ಮೋಡದಾಗೂ ಬೆಳಕ ಇರತೈತಿ, ಆ ಬೆಳಕಿನಾಗ ಒಂದೀಟ ಕಾವೂ ಇರತೈತಿ. ಟ್ಯೂಬು ಆ ಒಂದೀಟನ್ನ ಬಿಟ್ಟುಕೊಡೂದಿಲ್ಲ. ಸಾವಕಾರ್ರ “ಕಾಯ್ತಾವ” ಅನ್ನೂದು ಖರೆ ಆಗಿದ್ದು ಆವಾಗ. ಎಷ್ಟ ಕಾಯ್ತಾವ, ಯಾವಾಗ ಕಾಯ್ತಾವ ಅನ್ನೂದು ತಿಳದಿರಬೇಕು, ಅಷ್ಟ.

ಅದನ್ನ ನಂಗ ಕಲಿಸಿದ್ದು ತೇರದಾಳದಾಗ ಒಬ್ಬ ಜೈನರ ಅಜ್ಜಾರು, ಜಿನ್ನಪ್ಪ ಅಂತ. ಆಷಾಢದಾಗ ಊರೆಲ್ಲಾ ಫೋನ್ ಮಾಡಿ ಬೈದ್ರೂ ಅವರ ಮನಿಯಿಂದ ಒಂದ ಫೋನು ಬರ್ತಿರಲಿಲ್ಲ. ಇದೇನಪಾ ಅಂತ ನಾನ ಹೋಗಿ ಕೇಳಿದೆ. “ಮುಂಜಾನಿ ಬಸದಿಗೆ ಹೋಗೂ ಜಳಕ ನಮದು ತಣ್ಣೀರಾಗ. ಬಿಸಿನೀರಿಂದು ಏನ ಕೆಲಸ ಇದ್ರೂ ಹೊತ್ತ ಮುಣಗೂದರಾಗ ಮುಗಸ್ತೇವಿ” ಅಂದ್ರು ಅಜ್ಜಾರು. “ನಮ್ಮನ್ಯಾಗ ಊಟಾನ ಹೊತ್ತಿದ್ದಂಗ ಆಗಬೇಕು. ಇನ್ನ ನೀರಿಂದೇನು ದೊಡ್ಡ ಮಾತು? ನಡಾ ನೋಯೂ ನಮ್ಮ ಮುದುಕಿ ಮಧ್ಯಾಹ್ನದಾಗ ಎರಕೋತಾಳು, ಭಾಂಡಿ ಚಂಜಿಮುಂದ ತಿಕ್ತಾರು. ರಾತ್ರಿ ಬಿಸಿನೀರಿನ ನಳ ಯಾರೂ ಮುಟ್ಟೂದಿಲ್ಲ.”

ಬಾಗಲಕ ನಿಂತು ವಿಚಾರ ಮಾಡಿದೆ. ನಾವೆಲ್ಲಾ ಏನ ಮಾಡ್ತೇವಿ? ಹಗಲ ಕಾಯ್ದ ನೀರ ರಾತ್ರಿ ಮಾರಿ ತೊಳ್ಯಾಕ, ಕಾಲ ತೊಳ್ಯಾಕ ಬಿಡ್ತೇವಿ. ಬಿಟ್ಟಷ್ಟ ತಣ್ಣೀರ ಟಾಕಿ ಒಳಗ ಬರತೈತಿ. ಬ್ಯಾಸಗ್ಯಾಗ ಅದು ನಡೀತೈತಿ. ಮೋಡದ ದಿವಸ ಇದ್ದದ್ದ ಒಂದೀಟ ಕಾವು, ಅದೂ ನಸಕ ಹರಿಯೂದರಾಗ ಕಳದು ಹೋಗಿರತೈತಿ. ಗಾಳಿ ಬಂದಾಗ ತೂರ್ಕೋಬೇಕು ಅಂತಾರ. ನಾವು ರಾಶಿ ಇಟಗೊಂಡು ಗಾಳಿ ನಿಂತ ಮ್ಯಾಲ ಮೊರಾ ಹುಡುಕೂ ಮಂದಿ.

ಈಗ ಬನಹಟ್ಟಿ ಶಾಂತವ್ವನ ಮನಿ ಸುದ್ದಿ ಹೇಳಬೇಕು. ಇಷ್ಟೊತ್ತು ಬರದದ್ದು ಅದಕ್ಕ.

ಶಾಂತವ್ವನ ಗಂಡಮಕ್ಕಳು ಮನ್ಯಾಗ ಪಾವರಲೂಮ್ ಹಾಕ್ಕೊಂಡಿದ್ರು. ಒಬ್ಬಾಕಿ ಮಗಳು ರೇಣುಕಾ, ಕೊಟ್ಟದ್ದು ಬೀಳಗಿಗೆ. ಆಕಿಗೆ ಸಣ್ಣಾಕಿದ್ದಾಗಿಂದ ದಮ್ಮು. ಹೊಗಿ ಕಂಡ್ರ ಆಗೂದಿಲ್ಲ, ಎದಿ ಸುಂಯ್ ಅಂತಿತ್ತು. ಮದಲನೇ ಬಾಣಂತನಕ್ಕ ತವರಮನಿಗೆ ಬಂದಾಗ ಬಚ್ಚಲದಾಗ ಹಂಡೇದ ಒಲಿ ಹೂಡಿದ್ರು. ಹತ್ತಿಕಟಗಿ, ಕುಳ್ಳು. ದಿನಾ ಹೊಗಿ ಕುಡದು ಒಂದಿನ ಉಸರ ಕಟ್ಟಿಬಿಡ್ತು. ತುಟಿ ನೀಲಿ ಆಗಿದ್ವಂತ. ಆಟೋದಾಗ ಹಾಕ್ಕೊಂಡು ಜಮಖಂಡಿ ದವಾಖಾನಿಗೆ ಓಡಿದ್ರು. ಕೂಸು ಮನ್ಯಾಗ ಹಾಲಿಗೆ ಅಳಾಕತ್ತಿತ್ತು. ಜೀವ ಉಳೀತು. ಎರಡನೇದು ನಿಂತೈತಿ ಅಂತ ಗೊತ್ತಾದ ಕೂಡ್ಲೆ ಶಾಂತವ್ವ ಅಂಗಡಿಗೆ ಬಂದ್ಳು. “ಬಸಣ್ಣ, ಈ ಸಲ ಬಚ್ಚಲದಾಗ ಬೆಂಕಿ ಹಚ್ಚೂದಿಲ್ಲ. ನನ್ನ ಮಗಳ ಉಸರು ನಿಮ್ಮ ಕೈಯಾಗೈತಿ” ಅಂದ್ಳು. ಚಿಂತಿ ಬ್ಯಾಡ್ರಿ ಅಂತ ಹೇಳಿ ಟ್ಯೂಬಿನ ಸೋಲಾರ ಕುಂದ್ರಿಸಿ ಬಂದೆ.

ಹೆಣ್ಣಕೂಸು ಹುಟ್ಟೀತು. ಹುಟ್ಟಿದ್ದು ಆಷಾಢದಾಗ. ಹೊಳಿಗೆ ಮ್ಯಾಲಿನ ಸೀಮಿ ಮಳಿ ನೀರ ಬಂದಿತ್ತು, ನಮ್ಮಲ್ಲಿ ಬರೇ ಮೋಡ, ಜಿಟಿಜಿಟಿ, ಸುಳಗಾಳಿ. ಟಾಕಿಯೊಳಗ ಕರೆಂಟಿನ ಕಾಯಿಲೂ ಇತ್ತು, ಆಪತ್ತಿಗೆ ಆಗಲಿ ಅಂತ. ನಮ್ಮ ಬೋರಿನ ಸವಳ ನೀರಿಗೆ ಅದು ಉಪ್ಪ ಹಿಡದು ಅದೇ ವಾರ ಸುಟ್ಟಿತು. ಹೊಸಾದು ಹುಬ್ಬಳ್ಳಿಯಿಂದ ಬರಬೇಕು. ಗ್ಯಾಸಿನ ಮ್ಯಾಲ ಗುಂಡಿ ಪಾತ್ರ್ಯಾಗ ಕಾಯ್ಸೋಣ ಅಂದ್ರ ಬಾಣಂತಿಗೆ ಹಂಡೇಗಟ್ಟಲೆ ನೀರ ಬೇಕು. ಎರಡನೇ ಗುಂಡಿ ಕಾಯೂದರಾಗ ಮದಲನೇದು ಆರಿರತೈತಿ.

ಎರಿಯಾಕ ಬರ್ತಿದ್ದಾಕಿ ಕಾಶವ್ವ. ಬನಹಟ್ಟ್ಯಾಗ ಅರ್ಧ ಮಂದಿ ಆಕಿ ಕಾಲ ಮ್ಯಾಲ ಮಲಗಿ ಜಳಕ ಮಾಡಿದವ್ರ. ತನಗ ಮಾತ್ರ ಮಕ್ಕಳಾಗಲಿಲ್ಲ. ಹಡದವ್ರೆಲ್ಲಾ ಆಕಿ ಬಾಯಾಗ ಬರೇ “ಬಾಣಂತಿ”. ಆಕಿ ಒಬ್ಬರನ್ನರ ಹೆಸರ ಹಿಡದು ಕರದದ್ದ ಯಾರೂ ಕೇಳಿಲ್ಲ. ನೀರ ಬಂದ ಕೂಡ್ಲೆ ಮದಲ ಚರಗಿ ತನ್ನ ಪಾದದ ಮ್ಯಾಲ ಸುರುವಿಕೊಂಡು ನೋಡತಿದ್ಳು. ಪಾದಾ ಒಪ್ಪಬೇಕು, ಆಮ್ಯಾಲ ಬಾಣಂತಿಗೆ. ಮಾತ ಹರಿತ. ನಾ ಸೋಲಾರ ಕುಂದ್ರಿಸೂಮುಂದನ ಕೆಳಗ ನಿಂತು, “ಬಿಸಲ ಕಾಯ್ಸಿದ ನೀರು ಕೈಕಾಲಿಗಾದೀತು, ಬಾಣಂತಿ ನಡಕ್ಕ ಹತ್ತೂದಿಲ್ಲ. ಬಿಸಿ ಅಂದ್ರ ಬಿಸಿ ಇರಬೇಕು. ಬೆಚ್ಚಗ ಅಂದ್ರ ಅದು ಏನೂ ಅಲ್ಲ” ಅಂದಿದ್ಳು.

ಒಂದಿನ ಮುಂಜಾನಿ ಶಾಂತವ್ವನ ಫೋನು. “ಬಸಣ್ಣ, ನೀರ ಉಗುರಬೆಚ್ಚಗ ಬರಾಕತ್ತಾವ. ಕಾಶವ್ವ ಒಲಿ ಹಚ್ಚಾಕತ್ತಾಳ.” ಗಾಡಿ ತಗೊಂಡು ಹೋದೆ. ಹಿತ್ತಲ ತುಂಬ ಹೊಗಿ. ಹಸಿ ಕಟಗಿ, ಉರಿ ಹತ್ತವಲ್ದು, ಬರೇ ಹೊಗೀನ. ರೇಣುಕಾ ಬಾಗಲ ಹೊಸ್ತಲದ ಮ್ಯಾಲ ಬಗ್ಗಿ ಕುಂತಾಳ, ಕೈಯಾಗ ಉಸರಿನ ಪಂಪು, ಭುಜ ಮ್ಯಾಲ ಕೆಳಗ ಆಗಾಕತ್ತಾವು. ಶಾಂತವ್ವ ಕೂಸಿನ್ನ ಎದಿಗೊತಗೊಂಡು ಗ್ವಾಡಿಗೆ ಆನಿಕೊಂಡು ನಿಂತಾಳ. ನನ್ನ ನೋಡಿ ಆಕಿ ಕೂಸಿನ ಮಾರಿಗೆ ಸೆರಗ ಮುಚ್ಚಿದ್ಳು. ಬೈದಿದ್ರ ಛಲೋ ಇತ್ತು.

ಬಚ್ಚಲದಾಗಿಂದ ಕೆಮ್ಮು ಕೇಳಿಸ್ತು. ಅದು ರೇಣುಕಾನ ಕೆಮ್ಮಲ್ಲ, ಕಾಶವ್ವಂದು. ಊದಗೊಳವಿ ಹಿಡದು ಊದೂದು, ಕೆಮ್ಮೂದು. ಎಷ್ಟ ವರ್ಷದ ಹೊಗಿ ಕುಡದಿತ್ತೋ ಆ ಎದಿ. ಹೊರಗ ಬಂದು ರೇಣುಕಾನ ಮಾರಿ ನೋಡಿದ್ಳು. ನೋಡಿದಾಕಿನ ಒಳಗ ಹೋಗಿ ಒಂದ ಬಕೀಟ ನೀರ ಒಲಿಗೆ ಸುರುವಿ ಬಂದ್ಳು. ಸೆರಗಿಲೆ ಕಣ್ಣ ಒರಸಿಕೊಂಡು ನನ್ನ ಮುಂದ ನಿಂತ್ಳು.

“ಹೇಳೋ ಬಸಪ್ಪ. ನಿನ್ನ ಬಿಸಲು ಯಾವಾಗ ಬರತೈತಿ?”

ನಾ ಆಕಾಶ ನೋಡಿದೆ. ಕರೇ ಕಂಬಳಿ ಹಾಸಿದಂಗಿತ್ತು. ಆವಾಗ ತೇರದಾಳದ ಅಜ್ಜಾರ ನೆನಪಾದ್ರು. “ಬಿಸಲ ಬರೂದಿಲ್ಲ ಆಯಿ. ಆದ್ರ ನೀರ ಬರ್ತಾವು. ಈಗಲ್ಲ, ಮಧ್ಯಾಹ್ನ ಮೂರ ಗಂಟೇಕ ಬರ್ರಿ” ಅಂದೆ.

“ಮಧ್ಯಾಹ್ನದಾಗ ಬಾಣಂತಿಗೆ ಎರದದ್ದ ಎಲ್ಯರ ಕೇಳಿಯೇನ? ದೀಪಾ ಹಚ್ಚೂ ಹೊತ್ತಿಗೆ ಹಸಿ ಮೈಲೆ ಇರಬಾರ್ದು.”

“ದೀಪಾ ಹಚ್ಚೂದರಾಗ ಮೈ ಒಣಗಿ ಕೂಸು ನಿದ್ದಿ ಹತ್ತಿರತೈತಿ. ಒಂದಿನ ನನ್ನ ಮಾತ ಕೇಳ್ರಿ.”

ಆಕಿ ಮತ್ತ ರೇಣುಕಾನ ಕಡೆ ನೋಡಿದ್ಳು. “ಆತು. ಒಂದ ದಿನ” ಅಂದ್ಳು.

ಗಂಡಮಕ್ಕಳಿಗೆ ಹೇಳಿ ಬಿಸಿನೀರಿನ ಉಳದ ನಳ ಎಲ್ಲಾ ಬಂದ್ ಮಾಡಿಸಿದೆ. ಮಗ್ಗದಿಂದ ಎದ್ದವ್ರು ತಣ್ಣೀರಾಗ ಮಾರಿ ತೊಳಕೋರಿ ಅಂದೆ. ಶಾಂತವ್ವಗ ಅಡಗಿಮನ್ಯಾಗ ಗ್ಯಾಸಿನ ಮ್ಯಾಲ ಒಂದ ಗುಂಡಿ ನೀರ ಕುದ್ಯಾಕ ಇಡಾಕ ಹೇಳಿದೆ, ಒಂದ ಅಂದ್ರ ಒಂದ. ಆಮ್ಯಾಲ ಮಾಳಗಿ ಹತ್ತಿ ಕುಂತೆ. ಆಗಾಗ ಟಾಕಿಯಿಂದ ಇಳಿಯೂ ಪೈಪ ಮುಟ್ಟಿ ನೋಡೂದು, ಆಕಾಶ ನೋಡೂದು. ಸೂರ್ಯ ಎಲ್ಲಿ ಅದಾನ ಅನ್ನೂದೂ ತಿಳೀತಿರಲಿಲ್ಲ. ಇಷ್ಟ ವರ್ಷ ಈ ಕೆಲಸ ಮಾಡಿದೆ, ಆವತ್ತ ಅಂಜಿದಷ್ಟ ಎಂದೂ ಅಂಜಿಲ್ಲ. ನೀರ ಕಾಯದಿದ್ರ ಒಲಿ ಹೂಡ್ತಾರ, ಒಲಿ ಹೂಡಿದ್ರ ಆ ಹುಡಗಿ ಗತಿ ಏನು? ಊಟಕ್ಕ ಕರದ್ರೂ ಇಳದ ಹೋಗಲಿಲ್ಲ.

ಕಾಶವ್ವ ಹೇಳಿದ ಹೊತ್ತಿಗೆ ಬಂದ್ಳು. ನಾನೂ ಇಳದು ಬಂದು ಬಚ್ಚಲದ ಹೊರಗ ನಿಂತೆ. ನಳ ಬಿಟ್ಳು, ಚರಗಿ ತುಂಬಿ ಪಾದದ ಮ್ಯಾಲ ಸುರುವಿಕೊಂಡ್ಳು. ಇನ್ನೊಂದ ಚರಗಿ ಸುರುವಿಕೊಂಡ್ಳು.

“ಹೆಂಗ ಅದಾವ ಆಯಿ?” ಅಂದೆ.

“ಮುಂಜಾನಿಗಿಂತ ಬೇಶ ಅದಾವು” ಅಂದ್ಳು. “ಆದ್ರ ನಡಾ ಕೇಳೂದಿಲ್ಲ.”

ಶಾಂತವ್ವ ಕುದಿಯೂ ಗುಂಡಿ ಅರಬಿಲೆ ಹಿಡದು ತಂದ್ಳು. ಬಕೀಟಕ್ಕ ಒಂದೊಂದ ಚರಗಿ ಬೆರಸಿದ್ರು. ಟಾಕಿ ನೀರ ಅರ್ಧ ದಾರಿ ನಡದ ಬಂದಿತ್ತು, ಗುಂಡಿ ನೀರು ಉಳದದ್ದ ನಡಸ್ತು. ಕಾಶವ್ವ ಮತ್ತ ಪಾದದ ಮ್ಯಾಲ ಹಾಕ್ಕೊಂಡು, “ಹೂಂ. ಬಾಣಂತಿನ್ನ ಕರೀರಿ” ಅಂದ್ಳು. ನಾ ಹಿತ್ತಲದಿಂದ ಹೊರಗ ಹೋದೆ. ನೀರ ಸುರುವೂ ಸಪ್ಪಳ ಬೀದಿತನಕ ಕೇಳಿಸ್ತಿತ್ತು. ಕೆಮ್ಮ ಕೇಳಿಸಲಿಲ್ಲ. ಅಗಸಿ ಕಟ್ಟಿ ಮ್ಯಾಲ ಕುಂತು ಅತ್ತುಬಿಟ್ಟೆ, ಹೇಳಾಕ ನಾಚಿಗಿ ಇಲ್ಲ.

ಒಂದ ದಿನಕ್ಕ ಅಂದಾಕಿ ದಿನಾ ಮೂರ ಗಂಟೇಕ ಬಂದ್ಳು. ಮೋಡ ಇದ್ದ ದಿವಸ ಗುಂಡಿ ನೀರ ಒಂದಿಷ್ಟ ಹೆಚ್ಚ, ಹೊಳಪಾದ ದಿವಸ ಗುಂಡೀನ ಬ್ಯಾಡ. ಬಚ್ಚಲದ ಒಲ್ಯಾಗ ಬೆಕ್ಕ ಮರಿ ಹಾಕಿತು. ಊರ ಹೆಣ್ಣಮಕ್ಕಳು “ಇದೇನ ಕಾಶವ್ವ, ಮಧ್ಯಾಹ್ನದಾಗ ಎರೀತಿಯಂತ?” ಅಂದ್ರ, “ನೀರ ಬಂದಾಗ ಎರಿಯೂದು. ನೀರ ನಿಮ್ಮ ಗಡಿಯಾರ ನೋಡ್ತಾವೇನ?” ಅಂತ ಬೈತಿದ್ಳಂತ.

ಕಾಯಿಲ್ ಹುಬ್ಬಳ್ಳಿಯಿಂದ ಬರೂದರಾಗ ಬಾಣಂತನ ಮುಗೀತಾ ಬಂದಿತ್ತು. ಮರುದಿನ ರೇಣುಕಾ ಕೂಸಿನ್ನ ಕರಕೊಂಡು ಬೀಳಗಿಗೆ ಹೋಗಾಕಿ, ಆವತ್ತ ನಾ ಕಾಯಿಲ್ ಹಾಕಾಕ ಹೋದೆ. ಕಾಯಿಲ್ ಹಾಕಬೇಕಂದ್ರ ಮದಲ ಟಾಕಿ ಖಾಲಿ ಮಾಡಬೇಕು. ಕಡೀ ಜಳಕ ಆಗಲಿ ಅಂತ ಮಾಳಗಿ ಮ್ಯಾಲ ಕಾದೆ. ಆವತ್ತೂ ಮೋಡ. ಬಚ್ಚಲದ ಹೊಗಿ ಹೋಗೂ ಕಿಂಡಿ ಟಾಕಿ ಬಾಜೂಕ ಇತ್ತು. ಮದಲ ಅದರಾಗ ಹೊಗಿ ಬರತಿತ್ತು, ಈಗ ಕೆಳಗಿನ ಮಾತು ಕೇಳಿಸ್ತಿತ್ತು. ಕೂಸಿನ ಜಳಕ ಆತು, ತಾಯಿದೂ ಆತು. ಟಾಕಿ ನಟ್ಟ ಬಿಚ್ಚಾಕ ಪಾನಾ ಹಚ್ಚಬೇಕು ಅನ್ನೂದರಾಗ ರೇಣುಕಾನ ಮಾತ ಕೇಳಿಸ್ತು.

“ಆಯಿ, ಕುಂದ್ರು. ಇವತ್ತ ನಿನಗ ನಾ ಎರೀತೇನಿ.”

“ಹುಚ್ಚಿ ಅದೀಯೇನ? ಬಾಣಂತಿ ನೀನೋ ನಾನೋ?”

“ನಿನಗ ಯಾರರ ಎರದಾರೇನ, ಅದನ್ನ ಹೇಳು.”

ಕೆಳಗ ಚರಗಿ ಇಟ್ಟ ಸಪ್ಪಳ ಆತು. ಆಮ್ಯಾಲ ಕಾಶವ್ವನ ಧನಿ, ಅಷ್ಟ ಸಣ್ಣ ಧನಿ ಆಕೀದು ನಾ ಕೇಳಿದ್ದಿಲ್ಲ. “ಹಡದವ್ರಿಗೆ ಎರೀತಾರವ್ವ. ನನಗ್ಯಾರ ಎರೀತಾರ?”

ಕಡೀಕ ಆಕಿ ಬಚ್ಚಲ ಕಲ್ಲಿನ ಮ್ಯಾಲ ಕುಂತ ಸಪ್ಪಳ. ಬಳೀ ಸಪ್ಪಳ. ರೇಣುಕಾ ಕಿಂಡಿ ಕಡೆ ಮಾರಿ ಮಾಡಿ ಕೂಗಿದ್ಳು, “ಬಸಣ್ಣ ಕಾಕಾ, ಗುಂಡಿ ನೀರ ಮುಗದಾವು. ಟಾಕ್ಯಾಗ ಎಷ್ಟ ಅದಾವರಿ?”

ಪೈಪ ಮುಟ್ಟಿ ನೋಡಿದೆ. “ಭಾಳ ಅದಾವ ತಂಗಿ. ಆದ್ರ ಬಿಸಿ ಇಲ್ಲ, ಬೆಚ್ಚಗ ಅದಾವು” ಅಂದೆ. ಪಾನಾ ಕೆಳಗಿಟ್ಟು ಕುಂತೆ.

ಮದಲನೇ ಚರಗಿ ಬಿತ್ತು. ಎರಡನೇದು ಬಿತ್ತು. ರೇಣುಕಾ ಕೇಳಿದ್ಳು, “ಸಾಕೇನ ಆಯಿ?”

“ಬೆಚ್ಚಗ ಅದಾವ” ಅಂದ್ಳು ಕಾಶವ್ವ. “ಇನ್ನೊಂದ ಚರಗಿ ಹಾಕ ಮಗಳ.”

ಟಾಕಿ ಖಾಲಿ ಮಾಡಾಕ ಅಂತ ನಾ ಬಂದಿದ್ದೆ. ಆ ಕೆಲಸ ಅವರಿಬ್ಬರನ ಮಾಡಿ ಮುಗಸಿದ್ರು.